ಮರಿ ಮಂಕಾದರೆ ಮೊದಲು ಹಾಸನ್ನು ನೋಡಿ

ನಿವೃತ್ತಿಯ ಬಳಿಕ ನಾನು ಹಿತ್ತಲಿನಲ್ಲಿ ಗಿರಿರಾಜ ಕೋಳಿ ಸಾಕತೊಡಗಿದುದು ಬಂಧುಗಳಿಗೆಲ್ಲ ತಿಳಿದ ಸಂಗತಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ತಳಿ ಗಟ್ಟಿಮುಟ್ಟಾದುದು ನಿಜ. ಆದರೆ ಒಂದು ದಿನದ ಮರಿಗೆ ಆ ಗಟ್ಟಿತನ ಇನ್ನೂ ಬಂದಿರುವುದಿಲ್ಲ.

ಮೊದಲ ಸಲ 50ರಲ್ಲಿ 14 ಮರಿಗಳನ್ನು ಕಳೆದುಕೊಂಡೆ. ತಪ್ಪು ನನ್ನದೇ. ಮರಿ ಮಂಕಾದೊಡನೆ ನೀರಿಗೆ ಆ್ಯಂಟಿಬಯೋಟಿಕ್ ಪುಡಿ ಬೆರೆಸುತ್ತಿದ್ದೆನೇ ಹೊರತು ಹಾಸಿನೊಳಗೆ ಕೈಯಿಟ್ಟು ನೋಡಿರಲಿಲ್ಲ. ನೀರಿನ ಪಾತ್ರೆಯ ಸುತ್ತ ಭತ್ತದ ಹೊಟ್ಟು ಒದ್ದೆಯಾಗಿ ಹೆಪ್ಪುಗಟ್ಟಿತ್ತು. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿ ಬಲಿಯುವುದು ಇಂಥ ತೇವದಲ್ಲಿಯೇ. ನನ್ನ ಪುಡಿ ಅದಕ್ಕೆ ತಕ್ಕ ಮದ್ದೂ ಆಗಿರಲಿಲ್ಲ.

ಬ್ರೂಡರಿನಲ್ಲಿ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಬಳಿಕ ವಾರಕ್ಕೆ 3 ಡಿಗ್ರಿಯಂತೆ ತಗ್ಗಿಸಬೇಕು. ಉಷ್ಣಮಾಪಕಕ್ಕಿಂತ ಮರಿಗಳೇ ಇದನ್ನು ಸ್ಪಷ್ಟವಾಗಿ ತಿಳಿಸುತ್ತವೆ. ಬಲ್ಬಿನ ಕೆಳಗೆ ಒತ್ತೊತ್ತಾಗಿ ಸೇರಿದರೆ ಚಳಿ; ಅಂಚಿಗೆ ಸರಿದು ಕೊಕ್ಕು ತೆರೆದರೆ ಸೆಕೆ; ಎಲ್ಲವೂ ಒಂದೇ ಮಗ್ಗುಲಿಗೆ ನಿಂತರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. (ಹಿಂದಿನ ಬೆಂಚಿನವರ ಮುಖ ನೋಡಿ ಪಾಠದ ಗತಿಯನ್ನು ಅರಿಯುತ್ತಿದ್ದುದು ನೆನಪಾಗುತ್ತದೆ.)

ಲಸಿಕೆಯ ಮಾತು ಬೇರೆ. ಕೊಕ್ಕರೆ ರೋಗದ ಲಸಿಕೆ ಮೊದಲ ವಾರದಲ್ಲಿಯೇ ಆಗಬೇಕು. ಆದರೆ ರೋಗ ಬರುವ ಮೊದಲೇ ಆ್ಯಂಟಿಬಯೋಟಿಕ್ ಕುಡಿಸುವ ರೂಢಿಯನ್ನು ನಾನು ಒಪ್ಪಲಾರೆ. ಮನುಷ್ಯರಿಗೇ ಕಟ್ಟಕಡೆಯ ಆಸರೆಯಾದ ಕೊಲಿಸ್ಟಿನ್ ಕೂಡ ಕೋಳಿಗಳಿಗೆ ಬಳಕೆಯಾಗುತ್ತಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಉಳಿದವುಗಳ ವಿಷಯದಲ್ಲಿಯೂ ನಾವು ಆಜ್ಞೆಗಾಗಿಯೇ ಕಾಯಬೇಕೆ?

ಈಗ ದಿನಕ್ಕೆರಡು ಬಾರಿ ಹೊಟ್ಟು ಕೆದಕಿ, ಒದ್ದೆಯಾದುದನ್ನು ಹೊರಹಾಕುತ್ತೇನೆ. ಕಳೆದ ತಂಡದ 50 ಮರಿಗಳಲ್ಲಿ ಸತ್ತವು 3.