ಹಾಡಿಗೆ ಬೀಗವುಂಟೆ?

ರಾಯಚೂರು ಜಿಲ್ಲೆಯ ನೆಲ ಹಾಡಿನ ನೆಲ. ಮಾನ್ವಿ ಸೀಮೆಯ ಚೀಕಲಪರ್ವಿ ವಿಜಯದಾಸರನ್ನು ನೀಡಿತು. ದೇವದುರ್ಗ ಸೀಮೆಯ ಮೊಸರಕಲ್ಲು ಗೋಪಾಲದಾಸರನ್ನು ನೀಡಿತು. ಅವರ ಪದಗಳು ಯಾವ ಅಧಿಕಾರಿಯ ಅಪ್ಪಣೆಗೂ ಕಾಯಲಿಲ್ಲ. ತಂಬೂರಿಯ ನಾದದೊಡನೆ, ಜನರ ನಾಲಗೆಯ ಮೇಲೆ, ಊರಿಂದೂರಿಗೆ ನಡೆದುವು. ಮುಂದೆ ಬಾನುಲಿ ಬಂದಿತು. ಹಾಡಿಗೆ ರೆಕ್ಕೆ ಮೂಡಿತು. ಆದರೆ ಅದರೊಡನೆ ಹಾಡಿಗೊಂದು ಬಾಗಿಲೂ ಬಾಗಿಲಿಗೊಂದು ಬೀಗವೂ ಬಂದುವು. ಆ ಬೀಗದ ಕೈ ಯಾರ ಬಳಿ ಇರಬೇಕು?

ಬೀಗ ಬಿದ್ದುದನ್ನು ನಾನು ಹುಡುಗನಾಗಿದ್ದಾಗಲೇ ಕಂಡೆನು. 1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಸರ್ಕಾರದ ಕಾರ್ಯಕ್ರಮಗಳ ಪ್ರಚಾರಕ್ಕೆ ಚಲನಚಿತ್ರ ಕಲಾವಿದರ ನೆರವನ್ನು ಕೇಳಲಾಯಿತು. ಹಿನ್ನೆಲೆ ಗಾಯಕ ಕಿಶೋರ್ ಕುಮಾರ್ ಅದಕ್ಕೆ ಒಪ್ಪಲಿಲ್ಲ. 1976ರ ಮೇ ತಿಂಗಳಿನಿಂದ ಆಕಾಶವಾಣಿ ಹಾಗೂ ದೂರದರ್ಶನಗಳಲ್ಲಿ ಅವರ ಹಾಡುಗಳು ನಿಂತುಹೋದುವು. 1972ರ ‘ಕುಳ್ಳ ಏಜೆಂಟ್ 000’ ಚಿತ್ರದಲ್ಲಿ ಕನ್ನಡದಲ್ಲಿಯೂ ಹಾಡಿ ನಮಗೆ ಹತ್ತಿರವಾಗಿದ್ದ ಕಂಠವದು. ರಾಯಚೂರಿನ ಚಹಾದಂಗಡಿಯ ರೇಡಿಯೋ ಮುಂದೆ ನಾವು ಗೆಳೆಯರು ಆ ದನಿಗಾಗಿ ಕಾಯುತ್ತಿದ್ದೆವು. ಅದು ಬರಲಿಲ್ಲ, ಏಕೆಂದು ಹೇಳುವವರೂ ಇರಲಿಲ್ಲ. ಆ ಹಾಡುಗಳಲ್ಲಿದ್ದುದು ಪ್ರೇಮ, ವಿರಹ, ವಿನೋದ. ತಪ್ಪು ಹಾಡಿನದಾಗಿರಲಿಲ್ಲ, ಹಾಡುವವನು ‘ಒಲ್ಲೆ’ ಎಂದುದೇ ತಪ್ಪಾಗಿತ್ತು.

ಬೀಗ ಹಾಕಲು ಯಾವಾಗಲೂ ಸರ್ಕಾರದ ಆಜ್ಞೆಯೇ ಬೇಕೆಂದಿಲ್ಲ. 1968ರಲ್ಲಿ ಅಮೆರಿಕದ ‘ದಿ ಡೋರ್ಸ್’ ಎಂಬ ತಂಡವು ‘ದಿ ಅನ್‌ನೋನ್ ಸೋಲ್ಜರ್’ ಎಂಬ ಹಾಡಿನ ಧ್ವನಿಮುದ್ರಿಕೆಯನ್ನು ಹೊರತಂದಿತು. ಸೈಕೆಡೆಲಿಕ್ ರಾಕ್ ಎಂಬ, ಕನಸಿನಂತೆ ವಿಚಿತ್ರವಾದ ನಾದಗಳ ಹೊಸ ಸಂಗೀತವದು. ವಿಯೆಟ್ನಾಂ ಯುದ್ಧದ ಆ ದಿನಗಳಲ್ಲಿ ಬಂದೂಕಿನ ಸದ್ದನ್ನೂ ಒಳಗೊಂಡು ಯುದ್ಧವನ್ನು ಪ್ರಶ್ನಿಸಿದ ಹಾಡು. ಅಲ್ಲಿನ ಅನೇಕ ಬಾನುಲಿ ಕೇಂದ್ರಗಳು ತಾವಾಗಿಯೇ ಅದನ್ನು ಬಿತ್ತರಿಸಲು ಹಿಂಜರಿದುವು. ಆದರೂ ಅದು ಆ ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ 40ರೊಳಗೆ ಸೇರಿತು. ಅಧಿಕಾರ ಮಾಡುವ ಕೆಲಸವನ್ನು ಒಮ್ಮೊಮ್ಮೆ ಅಂಜಿಕೆಯೇ ಮಾಡಿಬಿಡುತ್ತದೆ.

ಹಾಗಾದರೆ ಬಾನುಲಿಯು ಎಲ್ಲ ಹಾಡುಗಳನ್ನೂ ಬಿತ್ತರಿಸಬೇಕೆ? ಅದು ಸಾಧ್ಯವಿಲ್ಲ. ದಿನಕ್ಕಿರುವುದು 24 ಗಂಟೆ, ಆಯ್ಕೆ ಅನಿವಾರ್ಯ. ಹಿಂಸೆಗೆ ಪ್ರಚೋದಿಸುವ ಮಾತನ್ನು ತಡೆಯಲು ನಮ್ಮ ಸಂವಿಧಾನದಲ್ಲಿಯೇ ಅವಕಾಶವಿದೆ. ಆದರೆ ಆಯ್ಕೆಯೇ ಬೇರೆ, ಬಾಯಿ ಕಟ್ಟುವುದೇ ಬೇರೆ. ಆಯ್ಕೆ ಮಾಡುವವನು ಹಾಡಿನ ಗುಣವನ್ನು ನೋಡುತ್ತಾನೆ. ಕೇಳಿದರೆ ಕಾರಣವನ್ನು ಹೇಳಬಲ್ಲನು. ಬಾಯಿ ಕಟ್ಟುವವನು ಹಾಡಿದವನ ಮುಖವನ್ನು ನೋಡುತ್ತಾನೆ; ಕಾರಣವನ್ನು ಮುಚ್ಚಿಡುತ್ತಾನೆ. ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು 1995ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಸ್ವತ್ತು ಜನರದಾದ ಮೇಲೆ, ಬೀಗದ ಕೈಯನ್ನು ಹಿಡಿದವನು ಜನರಿಗೆ ಉತ್ತರ ಹೇಳಲೇಬೇಕು.

ಹಾಡು ಹಿಡಿಸದಿದ್ದರೆ ರೇಡಿಯೋವನ್ನು ಆರಿಸುವ ಸ್ವಾತಂತ್ರ್ಯ ಕೇಳುಗನಿಗೆ ಇದ್ದೇ ಇದೆ. ಆ ಗುಂಡಿಯು ಅವನ ಕೈಯಲ್ಲಿಯೇ ಇರಲಿ. 1977ರ ಮಾರ್ಚಿಯಲ್ಲಿ ತುರ್ತುಪರಿಸ್ಥಿತಿ ಕೊನೆಗೊಂಡಿತು. ಆ ಬಳಿಕ ಒಂದು ಸಂಜೆ ಅದೇ ಚಹಾದಂಗಡಿಯ ರೇಡಿಯೋದಲ್ಲಿ ಆ ದನಿ ಮರಳಿ ಕೇಳಿಸಿತು. ಹಾಡು ಹಳೆಯದೇ. ಆದರೆ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿ, ಹಾಡು ಮುಗಿಯುವವರೆಗೂ ಸುಮ್ಮನೆ ನಿಂತು ಕೇಳಿದನು.