ಫ್ರೂಟ್ ಸಲಾಡ್‌ನಲ್ಲಿ ಹಾಲು ಮತ್ತು ಹಣ್ಣು ಸೇರಿದರೆ ವಿಷವಾಗುತ್ತದೆಯೇ?

ನಾಮಕರಣ ಇರಲಿ, ಗೃಹಪ್ರವೇಶ ಇರಲಿ, ಊಟದ ಕೊನೆಗೆ ಒಂದು ದೊಡ್ಡ ಪಾತ್ರೆ ಫ್ರೂಟ್ ಸಲಾಡ್ ಇರುವುದು ಈಗ ಮಾಮೂಲು. ಹಾಲು ಕಾಯಿಸಿ ಕಸ್ಟರ್ಡ್ ಮಾಡಿ, ತಣ್ಣಗಾದ ಮೇಲೆ ಹಣ್ಣು ಬೆರೆಸಿದರೆ ಮುಗಿಯಿತು. ಓವನ್ ಬೇಡ, ಪಾಕದ ಹದ ನೋಡುವ ಕಷ್ಟ ಇಲ್ಲ, ಇಪ್ಪತ್ತು ಜನರಿಗೆ ಬೇಕಿದ್ದರೂ ಒಬ್ಬರೇ ಮಾಡಬಹುದು. ಅದೇ ಹೊತ್ತಿಗೆ ಫ್ಯಾಮಿಲಿ ಗ್ರೂಪ್‌ಗೆ ಒಂದು ಫಾರ್ವರ್ಡ್ ಕೂಡ ಬಂದು ಬಿದ್ದಿರುತ್ತದೆ: ಹಾಲಿನ ಜೊತೆ ಹಣ್ಣು ತಿಂದರೆ ಹೊಟ್ಟೆಯಲ್ಲಿ ವಿಷವಾಗುತ್ತದೆ, ಬಾಳೆಹಣ್ಣು ಮತ್ತು ಹಾಲನ್ನಂತೂ ಒಟ್ಟಿಗೆ ಮುಟ್ಟಲೇಬೇಡಿ, ನಿಮ್ಮವರಿಗೆಲ್ಲ ಕಳುಹಿಸಿ.

ಇಂಥ ಸಂದೇಶವನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ಆದರೆ ಫ್ರೂಟ್ ಸಲಾಡ್ ತಿಂದ ರಾತ್ರಿ ನಾಲ್ಕು ಜನ ವಾಂತಿ ಮಾಡಿಕೊಂಡ ಮನೆಗಳು ನಿಜವಾಗಿಯೂ ಇವೆ. ಅಲ್ಲಿ ತಪ್ಪು ಹಾಲು, ಹಣ್ಣುಗಳ ಜೋಡಿಯದ್ದಲ್ಲ, ಬೇರೆಯದ್ದು. ಫಾರ್ವರ್ಡ್ ನಮ್ಮ ಗಮನವನ್ನು ತಪ್ಪು ಕಡೆಗೆ ತಿರುಗಿಸುತ್ತದೆ ಎಂಬುದೇ ಅದರ ದೊಡ್ಡ ತೊಂದರೆ.

ಹೊಟ್ಟೆಯೊಳಗೆ ಹಾಲು ಒಡೆದರೆ ಏನಾಗುತ್ತದೆ?

ಫಾರ್ವರ್ಡ್‌ನ ಮುಖ್ಯ ವಾದ ಇದು: ಹಣ್ಣಿನ ಹುಳಿ ಹಾಲನ್ನು ಒಡೆಯುತ್ತದೆ, ಒಡೆದ ಹಾಲು ವಿಷ. ಮೊದಲ ಅರ್ಧ ಸರಿ. ಹಾಲಿನ pH ಸುಮಾರು 6.6. ಹುಳಿ ಸೇರಿ ಅದು 4.6ರ ಹತ್ತಿರ ಇಳಿದರೆ ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸೀನ್ ಗಂಟುಗಟ್ಟುತ್ತದೆ. ನಿಂಬೆರಸ ಹಿಂಡಿ ಪನೀರ್ ಮಾಡುವಾಗ, ಹೆಪ್ಪು ಹಾಕಿ ಮೊಸರು ಮಾಡುವಾಗ ಆಗುವುದೂ ಇದೇ. ಒಡೆದ ಹಾಲು ವಿಷವಾಗಿದ್ದರೆ ಮೊಸರನ್ನ ತಿಂದವರೆಲ್ಲ ಆಸ್ಪತ್ರೆಯಲ್ಲಿ ಇರಬೇಕಿತ್ತು.

ಇನ್ನೊಂದು ಮಾತು. ನಮ್ಮ ಹೊಟ್ಟೆಯ ಆಮ್ಲ ಯಾವ ಹಣ್ಣಿಗಿಂತಲೂ ಕಡಿಮೆ ಇಲ್ಲ. ಖಾಲಿ ಹೊಟ್ಟೆಯಲ್ಲಿ ಅದರ pH ಸಾಮಾನ್ಯವಾಗಿ 1.5ರಿಂದ 3.5ರ ನಡುವೆ ಇರುತ್ತದೆ. ಅಂದರೆ ಬರೀ ಹಾಲು ಕುಡಿದರೂ ಅದು ಹೊಟ್ಟೆಯಲ್ಲಿ ಒಡೆದೇ ಒಡೆಯುತ್ತದೆ. ಹಾಗೆ ಗಟ್ಟಿಯಾಗುವುದರಿಂದ ಪ್ರೋಟೀನ್ ಹೊಟ್ಟೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಉಳಿದು ಜೀರ್ಣವಾಗಲು ಸಮಯ ಸಿಗುತ್ತದೆ. ಹಾಲು ಕುಡಿದ ಮಗು ಕಕ್ಕಿದಾಗ ಮೊಸರಿನಂಥ ಬಿಳಿ ಗಡ್ಡೆ ಬರುವುದನ್ನು ಎಷ್ಟೋ ತಾಯಂದಿರು ನೋಡಿರುತ್ತಾರೆ. ಆ ಮಗು ಹಣ್ಣು ತಿಂದಿರುವುದಿಲ್ಲ.

ಹಾಗಾದರೆ ಕೆಲವರಿಗೆ ಫ್ರೂಟ್ ಸಲಾಡ್ ತಿಂದ ಮೇಲೆ ಹೊಟ್ಟೆ ಉಬ್ಬರ, ಗ್ಯಾಸ್, ಭೇದಿ ಆಗುವುದು ಸುಳ್ಳೇ? ಅಲ್ಲ. ವಯಸ್ಕರಲ್ಲಿ ಅನೇಕರಿಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಸರಿಯಾಗಿ ಜೀರ್ಣವಾಗುವುದಿಲ್ಲ. ನಮ್ಮ ದಕ್ಷಿಣ ಭಾರತದಲ್ಲಿ ಇದು ಸಾಕಷ್ಟು ಸಾಮಾನ್ಯ. ದಿನವೂ ಕಾಫಿಗೆ ಎರಡು ಚಮಚ ಹಾಲು ಹಾಕಿಕೊಳ್ಳುವವರಿಗೆ ಇದು ಗೊತ್ತೇ ಆಗಿರುವುದಿಲ್ಲ. ಒಂದು ದೊಡ್ಡ ಬಟ್ಟಲು ಕಸ್ಟರ್ಡ್ ತಿಂದ ದಿನ ಗೊತ್ತಾಗುತ್ತದೆ, ಬೈಗುಳ ಮಾತ್ರ ಬಾಳೆಹಣ್ಣಿಗೆ ಬೀಳುತ್ತದೆ.

ಆಯುರ್ವೇದದಲ್ಲಿ ಹೇಳಿದೆಯಲ್ಲ?

ಹೇಳಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವಿರುದ್ಧಾಹಾರದ ಚರ್ಚೆ ಇದೆ. ಹಾಲಿನ ಜೊತೆ ಮೀನು, ಹುಳಿ ಪದಾರ್ಥಗಳು ಮತ್ತು ಕೆಲವು ಹಣ್ಣುಗಳು ಬೇಡ ಎಂದು ಅಲ್ಲಿ ಪಟ್ಟಿಯೇ ಸಿಗುತ್ತದೆ. ಆದರೆ ಫಾರ್ವರ್ಡ್ ಮಾಡುವವರು ಬಿಟ್ಟುಬಿಡುವ ಮಾತೊಂದು ಅದೇ ಅಧ್ಯಾಯದಲ್ಲಿದೆ. ಅಭ್ಯಾಸವಿರುವವರಿಗೆ, ಸ್ವಲ್ಪ ಪ್ರಮಾಣದಲ್ಲಿ ತಿನ್ನುವವರಿಗೆ, ಜೀರ್ಣಶಕ್ತಿ ಚೆನ್ನಾಗಿರುವವರಿಗೆ, ಪ್ರಾಯದವರಿಗೆ, ವ್ಯಾಯಾಮ ಮಾಡುವವರಿಗೆ ವಿರುದ್ಧಾಹಾರ ತೊಂದರೆ ಕೊಡದೆ ಹೋಗುತ್ತದೆ ಎಂಬ ಅರ್ಥದ ಮಾತು ಅದು. ಷರತ್ತುಗಳೊಂದಿಗೆ ಇದ್ದ ಸಲಹೆಯಿಂದ ಷರತ್ತು ಕಿತ್ತುಹಾಕಿ 'ವಿಷ' ಎಂಬ ಪದ ಅಂಟಿಸಿದರೆ ಫಾರ್ವರ್ಡ್ ಸಿದ್ಧ. ಸಂವಹನ ಓದಿದವಳಾಗಿ ನನಗೆ ಇದು ತೀರಾ ಪರಿಚಿತ ತಂತ್ರ. ಅರ್ಧ ನಿಜ ಇರುವ ಸಂದೇಶ ಪೂರ್ತಿ ಸುಳ್ಳಿಗಿಂತ ಬೇಗ ಹರಡುತ್ತದೆ, ಏಕೆಂದರೆ ಓದುವವರಿಗೆ 'ಹೌದಲ್ಲ, ಅಜ್ಜಿಯೂ ಹೀಗೇ ಹೇಳುತ್ತಿದ್ದರು' ಎನಿಸುತ್ತದೆ.

ಅಜ್ಜಿಯರು ಇನ್ನೇನು ಮಾಡುತ್ತಿದ್ದರು ಎಂಬುದನ್ನೂ ನೋಡಿ. ಮಾವಿನ ಕಾಲ ಬಂದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹಣ್ಣಿನ ರಸಕ್ಕೆ ಹಾಲು ಬೆರೆಸಿದ ಸೀಕರಣಿ ಇರಲೇಬೇಕು. ಪೂಜೆಯ ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆಯ ಜೊತೆ ಬಾಳೆಹಣ್ಣನ್ನೂ ಕಿವುಚಿ ಹಾಕುವ ಮನೆಗಳು ಎಷ್ಟೋ. ಕರಾವಳಿಯವರು ಬಾಳೆಹಣ್ಣಿನ ರಸಾಯನಕ್ಕೆ ತೆಂಗಿನಹಾಲು ಮತ್ತು ಬೆಲ್ಲ ಹಾಕುತ್ತಾರೆ. ಹಾಲು ಒಗ್ಗದ ನೆಂಟರಿದ್ದರೆ ಕಸ್ಟರ್ಡ್‌ಗಿಂತ ಇದೇ ಒಳ್ಳೆಯದು.

ಕಸ್ಟರ್ಡ್ ಪೌಡರ್‌ನಲ್ಲಿ ಮೊಟ್ಟೆ ಇದೆಯೇ?

ಹಬ್ಬದ ಹಿಂದಿನ ದಿನ ಹುಟ್ಟುವ ಇನ್ನೊಂದು ಅನುಮಾನ ಇದು. ಮೂಲ ಯುರೋಪಿಯನ್ ಕಸ್ಟರ್ಡ್ ಮೊಟ್ಟೆಯ ಹಳದಿಯಿಂದಲೇ ಗಟ್ಟಿಯಾಗುತ್ತದೆ, ಹಾಗಾಗಿ ಅನುಮಾನಕ್ಕೆ ಕಾರಣವಿದೆ. ಆದರೆ ಪುಡಿಯ ಕಥೆ ಬೇರೆ. 1837ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ, ತನ್ನ ಹೆಂಡತಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲ ಎಂಬ ಕಾರಣಕ್ಕೆ, ಮೊಟ್ಟೆ ಇಲ್ಲದೆ ಕಾರ್ನ್‌ಫ್ಲೋರ್‌ನಿಂದ ಕಸ್ಟರ್ಡ್ ಮಾಡಿದ. ಇಂದು ಅಂಗಡಿಯಲ್ಲಿ ಸಿಗುವ ಪುಡಿಯೂ ಮುಖ್ಯವಾಗಿ ಕಾರ್ನ್‌ಫ್ಲೋರ್, ವೆನಿಲ್ಲಾ ಪರಿಮಳ ಮತ್ತು ಹಳದಿ ಬಣ್ಣ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿಕೊಂಡರೆ ಸಾಕು.

ಎಂಟು-ಹತ್ತು ಜನರಿಗೆ ಒಂದು ಲೀಟರ್ ಹಾಲು, ನಾಲ್ಕು ದೊಡ್ಡ ಚಮಚ ಕಸ್ಟರ್ಡ್ ಪೌಡರ್, ಆರೇಳು ದೊಡ್ಡ ಚಮಚ ಸಕ್ಕರೆ ಸರಿಹೋಗುತ್ತದೆ. ಪುಡಿಯನ್ನು ಅರ್ಧ ಲೋಟ ತಣ್ಣನೆಯ ಹಾಲಿನಲ್ಲಿ ಕದಡಿ, ಕುದಿಯುವ ಹಾಲಿಗೆ ಕೈಬಿಡದೆ ತಿರುವುತ್ತಾ ಹಾಕಬೇಕು. ನೇರವಾಗಿ ಬಿಸಿ ಹಾಲಿಗೆ ಸುರಿದರೆ ಹೊರಗಿನ ಪಿಷ್ಟ ತಕ್ಷಣ ಬೆಂದು ಅಂಟಾಗಿ, ಒಳಗೆ ಒಣ ಪುಡಿ ಉಳಿದು ಗಂಟಾಗುತ್ತದೆ. ಎರಡು ನಿಮಿಷ ಕುದಿ ಬರಬೇಕು, ಇಲ್ಲದಿದ್ದರೆ ಹಿಟ್ಟಿನ ವಾಸನೆ ಹೋಗುವುದಿಲ್ಲ. ಸಕ್ಕರೆಯನ್ನು ಬಿಸಿ ಕಸ್ಟರ್ಡ್‌ಗೇ ಹಾಕಿ, ಹೆಚ್ಚಿದ ಹಣ್ಣಿನ ಮೇಲೆ ಉದುರಿಸಬೇಡಿ. ಸಕ್ಕರೆ ಹಣ್ಣಿನ ನೀರನ್ನು ಹೊರಗೆಳೆದು ಸಲಾಡ್ ಪಾಯಸದಂತೆ ತೆಳ್ಳಗಾಗುತ್ತದೆ.

ತೆಳ್ಳಗಾಗಲು ಇನ್ನೊಂದು ಕಾರಣವಿದೆ. ನಮ್ಮ ಎಂಜಲಿನಲ್ಲಿ ಅಮೈಲೇಸ್ ಎಂಬ ಕಿಣ್ವ ಇದೆ, ಪಿಷ್ಟವನ್ನು ಒಡೆಯುವುದೇ ಅದರ ಕೆಲಸ. ರುಚಿ ನೋಡಿದ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಿದರೆ ಗಟ್ಟಿ ಕಸ್ಟರ್ಡ್ ಸ್ವಲ್ಪ ಹೊತ್ತಿನಲ್ಲಿ ಅಲ್ಲಲ್ಲಿ ನೀರಾಗುತ್ತದೆ. ಎಂಜಲು ಮಾಡಬೇಡಿ ಎನ್ನುವ ಮಡಿಯ ಅಜ್ಜಿಗೆ ಇಲ್ಲಿ ವಿಜ್ಞಾನದ ಬೆಂಬಲ ಪೂರ್ತಿ ಇದೆ.

ಕೆಲವು ಹಣ್ಣು ಹಾಲಿಗೆ ಕಹಿ, ವಿಷವಲ್ಲ

ಹಸಿ ಅನಾನಸ್‌ನಲ್ಲಿ ಬ್ರೊಮಲೇನ್, ಪಪ್ಪಾಯಿಯಲ್ಲಿ ಪಪೈನ್, ಕಿವಿ ಹಣ್ಣಿನಲ್ಲಿ ಆಕ್ಟಿನಿಡಿನ್ ಎಂಬ ಕಿಣ್ವಗಳಿವೆ. ಇವು ಪ್ರೋಟೀನನ್ನು ತುಂಡು ಮಾಡುತ್ತವೆ. ಹಾಲಿನ ಪ್ರೋಟೀನ್ ತುಂಡಾದಾಗ ಹುಟ್ಟುವ ಕೆಲವು ತುಣುಕುಗಳ ರುಚಿ ಕಹಿ. ಅದಕ್ಕೇ ಬೆಳಗ್ಗೆ ಅನಾನಸ್ ಹಾಕಿಟ್ಟ ಸಲಾಡ್ ಮಧ್ಯಾಹ್ನಕ್ಕೆ ಕಹಿಯಾಗಿ, ಒಡೆದ ಹಾಗೆ ಕಾಣುತ್ತದೆ. ಯಾರೋ ಒಂದು ಚಮಚ ತಿಂದು ಮುಖ ಕಿವುಚಿದರೆ, ನೋಡಿ ವಿಷವಾಯಿತು ಎಂದು ಫಾರ್ವರ್ಡ್‌ಗೆ ಸಾಕ್ಷಿ ಸಿಕ್ಕಂತಾಗುತ್ತದೆ. ಅದು ರುಚಿ ಕೆಟ್ಟಿದೆ, ಅಷ್ಟೇ. ಬಿಸಿಗೆ ಈ ಕಿಣ್ವಗಳು ನಿಷ್ಕ್ರಿಯವಾಗುತ್ತವೆ. ಅನಾನಸ್ ಹೋಳನ್ನು ಸ್ವಲ್ಪ ಸಕ್ಕರೆಯೊಂದಿಗೆ ಐದಾರು ನಿಮಿಷ ಕುದಿಸಿ ಆರಿಸಿ ಹಾಕಿದರೆ ತೊಂದರೆ ಇಲ್ಲ. ಡಬ್ಬಿಯ ಅನಾನಸ್ ಮೊದಲೇ ಬಿಸಿಯಾಗಿರುತ್ತದೆ.

ಜೆಲ್ಲಿ ಹಾಕುವವರಿಗೂ ಇದೇ ಲೆಕ್ಕ. ಜೆಲಾಟಿನ್ ಒಂದು ಪ್ರೋಟೀನ್, ಹಸಿ ಅನಾನಸ್ ಬಿದ್ದರೆ ಅದು ಗಟ್ಟಿಯಾಗುವುದೇ ಇಲ್ಲ. ಜೊತೆಗೆ ಅದು ಪ್ರಾಣಿಜನ್ಯ. ಚೈನಾ ಗ್ರಾಸ್ ಕಡಲ ಪಾಚಿಯದ್ದು, ಪ್ರೋಟೀನ್ ಅಲ್ಲ, ಈ ಕಿಣ್ವಗಳು ಅದನ್ನು ಮುಟ್ಟುವುದಿಲ್ಲ. ನಮ್ಮ ಬಿಸಿಲಿಗೂ ಅದೇ ವಾಸಿ, ಜೆಲಾಟಿನ್‌ನಂತೆ ಬೇಸಿಗೆಯ ಕೋಣೆಯಲ್ಲಿ ಕರಗಿ ನೀರಾಗುವುದಿಲ್ಲ.

ಬಾಳೆ, ಮಾವು, ಸಪೋಟ, ದಾಳಿಂಬೆ, ದ್ರಾಕ್ಷಿ, ಸೇಬು ಯಾವುದಕ್ಕೂ ಭಯ ಬೇಡ. ಸೇಬು ಕಂದಾಗುವುದು ಗಾಳಿಯ ಆಮ್ಲಜನಕದಿಂದ, ಸ್ವಲ್ಪ ನಿಂಬೆರಸ ಸವರಿದರೆ ನಿಧಾನವಾಗುತ್ತದೆ.

ದ್ರಾಕ್ಷಿಯ ಬಗ್ಗೆ ಒಂದು ಎಚ್ಚರಿಕೆ ಮಾತ್ರ ನಿಜವಾದದ್ದು, ಅದು ಯಾವ ಫಾರ್ವರ್ಡ್‌ನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಐದು ವರ್ಷದೊಳಗಿನ ಮಕ್ಕಳ ಗಂಟಲಿಗೆ ಇಡೀ ದ್ರಾಕ್ಷಿ ಬಿರಡೆಯಂತೆ ಕೂತು ಉಸಿರು ಕಟ್ಟಬಹುದು. ನುಣುಪಾದ ಕಸ್ಟರ್ಡ್‌ನಲ್ಲಿ ಅದು ಇನ್ನೂ ಸಲೀಸಾಗಿ ಜಾರುತ್ತದೆ. ಮಕ್ಕಳು ಬರುವ ಮನೆಯಾದರೆ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಡ್ಡಕ್ಕೆ ಎರಡು ಮಾಡಿದರೆ ಸಾಲದು.

ಅಪಾಯ ಇರುವುದು ಗಡಿಯಾರದಲ್ಲಿ

ಹಾಲು, ಸಕ್ಕರೆ, ಪಿಷ್ಟ, ಹೆಚ್ಚಿದ ಹಣ್ಣು, ಬೇಕಾದಷ್ಟು ನೀರಿನಂಶ. ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಹಬ್ಬದೂಟ ಇಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಬೆಳೆಯುತ್ತವೆ. ಅನುಕೂಲ ಇದ್ದರೆ ಕೆಲವು ಪ್ರತಿ 20 ನಿಮಿಷಕ್ಕೆ ಇಮ್ಮಡಿಯಾಗುತ್ತವೆ. ಆ ಲೆಕ್ಕದಲ್ಲಿ ಒಂದು ಬ್ಯಾಕ್ಟೀರಿಯಾ ಎರಡು ಗಂಟೆಗೆ 64 ಆಗುತ್ತದೆ, ನಾಲ್ಕು ಗಂಟೆಗೆ 4096. ಅದಕ್ಕೇ ಇಂಥ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಸುತ್ತಲಿನ ತಾಪಮಾನ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬ ನಿಯಮ ಇರುವುದು. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ಶಾಮಿಯಾನದ ಕೆಳಗೆ 40 ಡಿಗ್ರಿ ಎಂದರೆ ಆಶ್ಚರ್ಯವಿಲ್ಲ. ಅಲ್ಲಿ ಹನ್ನೊಂದಕ್ಕೆ ಬೆರೆಸಿ ಮೂರನೇ ಪಂಕ್ತಿಗೆ ಬಡಿಸುವ ಸಲಾಡ್‌ನ ಸ್ಥಿತಿ ಊಹಿಸಿ.

ಬ್ಯಾಕ್ಟೀರಿಯಾ ಬರುವುದು ಎಲ್ಲಿಂದ? ಹಣ್ಣಿನ ಸಿಪ್ಪೆಯಿಂದ, ಹೆಚ್ಚುವ ಹಲಗೆಯಿಂದ, ಮುಖ್ಯವಾಗಿ ಕೈಯಿಂದ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸುಮಾರು ಮೂವರಲ್ಲಿ ಒಬ್ಬ ಆರೋಗ್ಯವಂತರ ಮೂಗಿನಲ್ಲೇ ಇರುತ್ತದೆ, ಬೆರಳಿನ ಗಾಯದಲ್ಲಿ ಇನ್ನೂ ಹೆಚ್ಚು. ಅದು ಆಹಾರದಲ್ಲಿ ಬೆಳೆದು ವಿಷವನ್ನೇ ತಯಾರಿಸುತ್ತದೆ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ಶುರು. ಇಷ್ಟು ಬೇಗ ಆಗುವುದರಿಂದಲೇ ಜನ ಕೊನೆಗೆ ತಿಂದದ್ದರ ಮೇಲೆ, ಹಾಲು-ಹಣ್ಣಿನ ಜೋಡಿಯ ಮೇಲೆ ತಪ್ಪು ಹೊರಿಸುತ್ತಾರೆ. ಫಾರ್ವರ್ಡ್‌ನಲ್ಲಿ ಬರುವ 'ವಿಷ' ಎಂಬ ಪದ ನಿಜಕ್ಕೂ ಸಲ್ಲಬೇಕಾದ್ದು ಇದಕ್ಕೆ.

ಹಾಗಾಗಿ ಕಸ್ಟರ್ಡ್ ಆರಿಸುವ ರೀತಿಗೆ ಗಮನ ಕೊಡಿ. ಎರಡು ಲೀಟರಿನ ಪಾತ್ರೆಯನ್ನು ರಾತ್ರಿಯಿಡೀ ಅಡುಗೆಕಟ್ಟೆಯ ಮೇಲೆ ಬಿಡುವುದು ತಪ್ಪು. ನಡುವಿನ ಕಸ್ಟರ್ಡ್ ಗಂಟೆಗಟ್ಟಲೆ ಉಗುರುಬೆಚ್ಚಗೆ ಇರುತ್ತದೆ. ಅಗಲವಾದ ಎರಡು-ಮೂರು ಪಾತ್ರೆಗೆ ಹಂಚಿ, ಐಸ್ ನೀರಿನ ಪರಾತದಲ್ಲಿ ಇಟ್ಟು ತಿರುವುತ್ತಿದ್ದರೆ ಬೇಗ ಆರುತ್ತದೆ, ಕೆನೆಯೂ ಕಟ್ಟುವುದಿಲ್ಲ. ಸ್ವಲ್ಪ ಬೆಚ್ಚಗಿರುವಾಗಲೇ ಫ್ರಿಜ್‌ಗೆ ಇಡಬಹುದು. ಬೆಚ್ಚಗಿನದನ್ನು ಇಟ್ಟರೆ ಫ್ರಿಜ್ ಕೆಡುತ್ತದೆ ಎಂಬ ಭಯದಿಂದ ಗಂಟೆಗಟ್ಟಲೆ ಹೊರಗೆ ಬಿಡುವುದೇ ಹೆಚ್ಚು ಅಪಾಯ. ಹಣ್ಣನ್ನು ಹರಿಯುವ ನೀರಿನಲ್ಲಿ ತೊಳೆದು, ತರಕಾರಿಗೋ ಮಾಂಸಕ್ಕೋ ಬಳಸದ ಹಲಗೆಯಲ್ಲಿ ಹೆಚ್ಚಿ, ಅದನ್ನೂ ಫ್ರಿಜ್‌ನಲ್ಲಿಡಿ. ಬಡಿಸುವ ಅರ್ಧ ಗಂಟೆ ಮೊದಲು ಬೆರೆಸಿ. ಪೂರ್ತಿ ಹೊರಗೆ ತರಬೇಡಿ, ಒಂದು ಪಂಕ್ತಿಗೆ ಆಗುವಷ್ಟು ಮಾತ್ರ ತನ್ನಿ.

ಫ್ರೆಶ್ ಕ್ರೀಮ್ ಸೇರಿಸುವವರಿಗೆ ಒಂದು ಮಾತು. ಪೊಟ್ಟಣದ ಕ್ರೀಮ್‌ನಲ್ಲಿ ಸಾಮಾನ್ಯವಾಗಿ 25% ಕೊಬ್ಬು ಇರುತ್ತದೆ. ಕಡೆದರೆ ಉಬ್ಬಲು 30% ದಾಟಬೇಕು, ಆದ್ದರಿಂದ ಎಷ್ಟು ಕಡೆದರೂ ಕೈನೋವೇ ಹೊರತು ಗಟ್ಟಿಯಾಗದು. ತೆಳು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು ಅಗ್ಗ, ಗಟ್ಟಿ, ಲ್ಯಾಕ್ಟೋಸ್ ಕೂಡ ಸ್ವಲ್ಪ ಕಡಿಮೆ.

ಊಟ ಮುಗಿದ ಮೇಲೆ ಉಳಿದದ್ದರ ಪ್ರಶ್ನೆ ಬರುತ್ತದೆ. ಫ್ರಿಜ್‌ನಲ್ಲೇ ಇದ್ದ ಭಾಗವನ್ನು ಮಾರನೇ ದಿನ ತಿನ್ನಬಹುದು, ಬಾಳೆಹಣ್ಣು ಕಂದಾಗಿರುತ್ತದೆ ಅಷ್ಟೇ. ಮೇಜಿನ ಮೇಲೆ ನಾಲ್ಕು ಗಂಟೆ ಇದ್ದದ್ದನ್ನು ಮತ್ತೆ ಫ್ರಿಜ್‌ಗೆ ಸೇರಿಸುವುದರಲ್ಲಿ ಅರ್ಥವಿಲ್ಲ. ಸ್ಟ್ಯಾಫಿಲೊಕಾಕಸ್ ಮಾಡಿದ ವಿಷ ತಣಿಸಿದರೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ವಾಸನೆ ನೋಡಿ ಕಂಡುಹಿಡಿಯಲೂ ಆಗದು, ಏಕೆಂದರೆ ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ.