ಓಲೆಗರಿಗೆ ಆರು ತಿಂಗಳ ಆಯುಷ್ಯವೇ?

ಹಸ್ತಪ್ರತಿ ಸಂರಕ್ಷಣೆಯ ಇಂಟರ್ನ್‌ಶಿಪ್ ಮುಗಿಸಿದ ತರುಣರಿಗೆ ಶಾಲು ಹೊದಿಸಿ, ಪ್ರಮಾಣಪತ್ರ ನೀಡಿ, ಉಜ್ವಲ ಭವಿಷ್ಯವನ್ನು ಹಾರೈಸುವುದು ವಾಡಿಕೆ. ಬಳಿಕ ಅವರು ಬ್ಯಾಂಕಿಗೋ ಸಾಫ್ಟ್‌ವೇರ್ ಕಂಪನಿಗೋ ಸೇರುತ್ತಾರೆ. ಹೊಸ ಕೆಲಸ ಹಿಡಿದದ್ದು ಅವರ ತಪ್ಪಲ್ಲ. ಹೊಟ್ಟೆಪಾಡು ಯಾರನ್ನೂ ಬಿಟ್ಟಿಲ್ಲ. ಅವರೊಂದಿಗೆ ಹೊರಟುಹೋದ ವಿದ್ಯೆ ಎಂಥದೆಂದು ಯಾರೂ ಕೇಳದಿರುವುದು ತಪ್ಪು.

ಓಲೆಗರಿಯ ಆರೈಕೆ ಓದಿ ಕಲಿಯುವಂಥದಲ್ಲ. ಮೆತ್ತನೆಯ ಕುಂಚದಿಂದ ಧೂಳು ತೆಗೆಯಬೇಕು. ಅಂಟಿಕೊಂಡ ಗರಿಗಳನ್ನು ಹರಿಯದಂತೆ ಬಿಡಿಸಬೇಕು. ಒಣಗಿ ಬಿರುಸಾದುದಕ್ಕೆ ಸಿಟ್ರೊನೆಲ್ಲಾ ಎಣ್ಣೆ ಸವರಬೇಕು. ಕಂಟದಿಂದ ಕೊರೆದ ಅಕ್ಷರ ಕಾಣದಾದರೆ ಮಸಿ ತುಂಬಬೇಕು. ಕೈಯನ್ನು ಎಲ್ಲಿ ತಡೆಯಬೇಕೆಂಬುದು ಬೆರಳಿಗೆ ತಿಳಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಮುಂದಿನ ತಂಡ ಮತ್ತೆ ಕುಂಚ ಹಿಡಿಯುವುದನ್ನೇ ಕಲಿಯುತ್ತದೆ.

ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಹುಟ್ಟಿದ್ದು 2003ರಲ್ಲಿ. 2025ರ ಬಜೆಟ್ಟಿನಲ್ಲಿ ಘೋಷಿತವಾದ ಜ್ಞಾನ ಭಾರತಂ ಮಿಷನ್ನಿನ ಗುರಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳು. ಗುರಿ ಕೋಟಿಯದು, ದುಡಿಯುವ ಕೈಗಳು ತಾತ್ಕಾಲಿಕ! ಸರ್ಕಾರಿ ನೌಕರಿಯಲ್ಲಿರುವ ನಾವು ದಿನವೂ ಉಚ್ಚರಿಸುವ ‘ಕಡತ’ ಎಂಬ ಮಾತು, ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಪುಸ್ತಕದ ಹೆಸರು. ಹೆಸರು ಕಚೇರಿಯಲ್ಲಿ ಕಾಯಂ ಆಯಿತು. ವಸ್ತುವನ್ನು ಕಾಯುವವನು ಆಗಲಿಲ್ಲ.

ಸ್ಕ್ಯಾನ್ ಮಾಡಿದರೆ ಸಾಲದೇ ಎನ್ನುವವರಿದ್ದಾರೆ. ಬಿಡಿಸಲಾಗದ ಗರಿಯನ್ನು ಸ್ಕ್ಯಾನ್ ಮಾಡುವುದು ಹೇಗೆ? 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ‘ಅರ್ಥಶಾಸ್ತ್ರ’ವನ್ನು ಅಚ್ಚು ಹಾಕಿಸಲು ಸಾಧ್ಯವಾದದ್ದು, ಅದರ ಓಲೆಗರಿಯನ್ನು ಅದುವರೆಗೆ ಯಾರೋ ಜೋಪಾನ ಮಾಡಿದ್ದರಿಂದ. ‘ಯುವಕರಿಗೆ ಅನುಭವವಾದರೆ ಸಾಕು’ ಎಂಬುದು ಇನ್ನೊಂದು ವಾದ. ಅನುಭವ ಅವರಿಗಾಯಿತು, ಸರಿ, ಭಂಡಾರಕ್ಕೆ ಉಳಿದದ್ದೇನು?

ನಾವು ಕೇಳುವುದು ಹೆಚ್ಚೇನಲ್ಲ. ತರಬೇತಿ ಎರಡು ವರ್ಷಗಳಾಗಲಿ. ಹೋಗುವವರೂ ಬರುವವರೂ ಕೆಲವು ತಿಂಗಳು ಒಂದೇ ಮೇಜಿನಲ್ಲಿ ಕೂರಲಿ. ಪ್ರತಿ ಗರಿಗೆ ಮಾಡಿದ ಉಪಚಾರ ದಾಖಲಾಗಲಿ. ಪ್ರತಿ ಭಂಡಾರದಲ್ಲಿ ಒಂದಾದರೂ ಕಾಯಂ ಹುದ್ದೆ ಇರಲಿ.

ಹೊರನಾಡಿನ ಕನ್ನಡಿಗರಾದ ನಮಗೂ ಇದರಲ್ಲಿ ಪಾಲಿದೆ. ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡದ ಹಸ್ತಪ್ರತಿಗಳೂ ಇವೆ. ಕನ್ನಡ ಓದಬಲ್ಲ ಸಂರಕ್ಷಕ ಅಲ್ಲಿ ನಿಲ್ಲಬೇಕಾದರೆ ಅವನಿಗೆ ಸಂಬಳ ಬೇಕು. ರಾಜ್ಯೋತ್ಸವದ ಶಾಮಿಯಾನಕ್ಕೆ ಚಂದಾ ಎತ್ತುವ ಸಂಘಗಳು ಅಂಥ ಒಬ್ಬನ ಒಂದು ವರ್ಷದ ವೇತನಕ್ಕೂ ಕೈಯೆತ್ತಬಾರದೇಕೆ? ಶಾಮಿಯಾನ ಮರುದಿನ ಕಳಚುತ್ತದೆ, ಗೆದ್ದಲಿಗೆ ರಜೆಯಿಲ್ಲ.